ಹೆಸರಿಲ್ಲದ ಅಂಗಿ

“ಅಕ್ಕಾ, ಹೆಸರಿಲ್ಲದ್ದು ಒಂದೂ ಇಲ್ವಾ?”

ಕೈಗೆ ಕೊಟ್ಟ ಬಿಳಿ ಅಂಗಿಯ ಮಡಿಕೆ ಬಿಡಿಸಿ ನೋಡಿ ಆ ಹೆಂಗಸು ಹೀಗೆ ಕೇಳಿದಾಗ ಅಂಗಿ ಹಂಚುತ್ತಿದ್ದ ಸೂಜಿಗೆ ಮೈಯೆಲ್ಲ ಉರಿದುಹೋಯಿತು. ಮೂರು ವಾರ ತನ್ನ ಹೊಲಿಗೆ ಅಂಗಡಿಯ ಕೆಲಸವನ್ನೆಲ್ಲ ಬದಿಗಿಟ್ಟು, ಗಿರಾಕಿಗಳಿಂದ ಬೈಸಿಕೊಂಡು, ಎಂಬತ್ತು ಅಂಗಿಗಳ ಎದೆಯ ಮೇಲೆ, ಜೇಬಿಗಿಂತ ಎರಡು ಬೆರಳು ಮೇಲೆ, ಅತ್ತೆಯ ಹೆಸರನ್ನೂ ಅದರ ಕೆಳಗೆ ‘ಸ್ಮರಣಾರ್ಥ’ ಎಂಬ ಮಾತನ್ನೂ ನೀಲಿ ದಾರದಲ್ಲಿ ಅವಳೇ ಹೊಲಿದಿದ್ದಳು. ಒಂದು ಅಕ್ಷರವೂ ವಾಲಿರಲಿಲ್ಲ. ಪುಕ್ಕಟೆ ಅಂಗಿಗೆ ಬಂದವಳಿಗೆ ಈಗ ಹೆಸರಿಲ್ಲದ್ದು ಬೇಕಂತೆ!

ಅವಳನ್ನು ಸೂಜಿ ಎಂದು ಮೊದಲು ಕರೆದದ್ದು ಅತ್ತೆಯೇ. ಸಪೂರ ಮೈ, ಚುಚ್ಚುವ ಮಾತು, ಅದಕ್ಕೆ ಸೂಜಿ. ಅತ್ತೆ ಎಂದರೆ ಅಪ್ಪನ ಅಕ್ಕ. ತಮ್ಮನ ಹೆಂಡತಿ ಸತ್ತಾಗ ಬಂದವಳು, ತನ್ನ ಮದುವೆಯ ಮಾತನ್ನು ಅಲ್ಲಿಗೇ ಬಿಟ್ಟು ಅವನ ಇಬ್ಬರು ಮಕ್ಕಳನ್ನು ಸಾಕಿದಳು. ಅದು ಸಾಲದೆಂಬಂತೆ ನಲವತ್ತು ವರ್ಷ ಊರವರ ಹಳೇ ಬಟ್ಟೆ ತಂದು, ಒಗೆದು, ರಿಪೇರಿ ಮಾಡಿ, ಇಲ್ಲದವರಿಗೆ ಕೊಟ್ಟಳು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಗಾದೆ ಅತ್ತೆಯ ಹತ್ತಿರ ಸುಳಿಯುವಂತಿರಲಿಲ್ಲ.

ಅವಳು ತೀರಿಕೊಂಡು ಇವತ್ತಿಗೆ ಒಂದು ವರ್ಷ. ಅವಳ ನೆನಪಿಗೆಂದು ಈ ಅಂಗಿದಾನ ಏರ್ಪಡಿಸಿದ್ದ ಊರಿನ ಸೇವಾ ಸಂಘದ ಸಭಾಂಗಣದಲ್ಲಿ ಬಾಗಿಲಷ್ಟು ದೊಡ್ಡ ಫೋಟೊ ಹಾಕಿದ್ದರು. ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುತ್ತಿದ್ದ ಅತ್ತೆ ಈಗ ಎಲ್ಲಿಗೂ ಓಡುವಂತಿರಲಿಲ್ಲ. ಅದರ ಕೆಳಗೆ, ಅಂಗಿ ಇಸಿದುಕೊಂಡವರನ್ನು ಸಂಘದ ಕಾರ್ಯದರ್ಶಿ ಸಾಲಾಗಿ ನಿಲ್ಲಿಸುತ್ತಿದ್ದರು.

“ಎದೆಗೆ ಹಿಡ್ಕೊಳ್ಳಿ! ಅಕ್ಷರ ಮುಂದಕ್ಕೆ ಬರ್ಲಿ! ಸ್ವಲ್ಪ ನಗಿ, ಯಾರೂ ದುಡ್ಡು ಕೇಳಲ್ಲ!”

ಸೂಜಿ ಮೇಜಿನ ಈಚೆಯಿಂದ ಆ ಹೆಂಗಸನ್ನು ನೋಡಿದಳು. “ಯಾಕೆ, ಹೊಲಿಗೆ ಚೆನ್ನಾಗಿಲ್ವಾ?”

“ಅಯ್ಯೋ, ಹೊಲಿಗೆ ಬಗ್ಗೆ ಮಾತೇ ಇಲ್ಲ ಅಕ್ಕಾ. ನಮ್ಮನೆಯವರು ಸೋಮವಾರದಿಂದ ಆಸ್ಪತ್ರೇಲಿ ಲಿಫ್ಟ್ ನಡೆಸೋಕೆ ಸೇರ್ತಾರೆ. ಎರಡು ವರ್ಷ ಮನೇಲಿ ಕೂತಿದ್ದೋರು. ಬಿಳಿ ಅಂಗಿ ಹಾಕ್ಕೊಂಡು ಬನ್ನಿ ಅಂದಿದಾರೆ.” ಹೆಂಗಸು ದನಿ ತಗ್ಗಿಸಿದಳು. “ಲಿಫ್ಟಲ್ಲಿ ಜನ ಎದುರಿಗೇ ನಿಂತಿರ್ತಾರಲ್ಲ. ಅಲ್ಲಿ ಓದೋಕೆ ಬೇರೆ ಏನಿರತ್ತೆ, ಹೇಳಿ?”

ಪಕ್ಕದಲ್ಲಿ ಅಂಗಿಗಳನ್ನು ಎತ್ತಿಕೊಡುತ್ತಿದ್ದ ಅಣ್ಣ ಗೊಣಗಿದ. “ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡಿದ್ರಂತೆ.”

ಗೊಣಗಿದ್ದು ಕೇಳುವ ಹಾಗೆಯೇ ಇತ್ತು. ಹೆಂಗಸು ಅಕ್ಷರಗಳು ಒಳಗೆ ಹೋಗುವಂತೆ ಅಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಸಾಲಿನ ಕೊನೆಗೆ ಹೋಗಿ ನಿಂತಳು.

ಆ ಮಡಿಕೆ ನೋಡಿ ಸೂಜಿಗೆ ಕೆನ್ನೆಗೆ ಹೊಡೆದಂತಾಯಿತು.

ಮನೆಯ ಹಿಂದಿನ ಕೋಣೆಗೆ ಬಟ್ಟೆಯ ಗಂಟು ಬಂದರೆ ಅತ್ತೆ ಮೊದಲು ನೋಡುತ್ತಿದ್ದದ್ದು ಹರಿದದ್ದನ್ನಲ್ಲ, ಗುರುತುಗಳನ್ನು. ಕಾರ್ಖಾನೆಯ ಪಟ್ಟಿ, ಶಾಲೆಯ ಲಾಂಛನ, ಕಾಲರಿನ ಒಳಗೆ ಯಾರೋ ಹೊಲಿಸಿಕೊಂಡ ಹೆಸರು. ಮಕ್ಕಳಿಬ್ಬರಿಗೂ ಅದೇ ಕೆಲಸ. ಅಣ್ಣ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಸೂಜಿ ಅರ್ಧ ಬ್ಲೇಡಿನಿಂದ ಒಂದೊಂದೇ ದಾರ ಕತ್ತರಿಸಬೇಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಒಮ್ಮೆ ಬೇಜಾರಾಗಿ ಒಂದು ಶಾಲೆಯ ಲಾಂಛನವನ್ನು ಹಾಗೇ ಬಿಟ್ಟಿದ್ದಳು. ಅಂಗಿ ಆಗಲೇ ಯಾರದೋ ಮನೆ ಸೇರಿತ್ತು. ಅತ್ತೆ ಉರಿಬಿಸಿಲಲ್ಲಿ ಸೂಜಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಆ ಮನೆಯ ಮೆಟ್ಟಿಲ ಮೇಲೆ ಕೂರಿಸಿ ಬಿಚ್ಚಿಸಿದ್ದಳು.

“ಹಾಕ್ಕೊಂಡೋರಿಗೆ ಅದು ತಮ್ಮ ಅಂಗಿ ಅನ್ನಿಸಬೇಕು ಕಣೇ,” ಎಂದಿದ್ದಳು ದಾರಿಯಲ್ಲಿ. “ಮೈ ಮೇಲೆ ಇನ್ನೊಬ್ಬರ ಹೆಸರು ಹೊತ್ಕೊಂಡು ತಿರುಗೋದು ಎಂಥ ಬಾಳು?”

ಸೂಜಿ ಹೊಲಿಗೆ ಕಲಿತ ಮೇಲೆ ಒಂದು ದಿನ ಪೆಟ್ಟಿಗೆಯಲ್ಲಿ ತನ್ನ ಎಂಟನೇ ವಯಸ್ಸಿನ ಹಳದಿ ಫ್ರಾಕು ಸಿಕ್ಕಿತ್ತು. ಹೊಸದೆಂದು ಹಾಕಿಕೊಂಡು ಬೀದಿಯೆಲ್ಲ ಮೆರೆದದ್ದು. ಪಳಗಿದ ಕಣ್ಣಿಗೆ ಈಗ ಕಂಡಿತು, ಅಂಚಿನ ಹೊಲಿಗೆಯ ಪಕ್ಕದಲ್ಲಿ ಹಳೇ ಹೊಲಿಗೆಯ ತೂತುಗಳ ಸಾಲು. ಅದು ಯಾರ ಫ್ರಾಕೆಂದು ಅವಳು ಕೇಳಲಿಲ್ಲ, ಅತ್ತೆ ಹೇಳಲೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ! “ಅವರ ಹೆಸರು ನಿಮ್ಮ ಕೈಯಿಂದಾನೇ ಬರ್ಬೇಕು, ತಾಯಿ” ಎಂದು ಕಾರ್ಯದರ್ಶಿ ಅಂಗಡಿಗೇ ಬಂದು ಕಣ್ಣೊರೆಸಿಕೊಂಡಾಗ ಅವಳೂ ಅತ್ತಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಮಷೀನಿನ ಮುಂದೆ ಕೂತಿದ್ದಳು. ಕಾರ್ಯದರ್ಶಿಯ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ಮೇಜನ್ನು ಸುತ್ತಿಕೊಂಡು ಹೋಗಿ ಸಾಲಿಗೂ ಕ್ಯಾಮೆರಾಕ್ಕೂ ನಡುವೆ ನಿಂತಳು.

“ಫೋಟೊ ಬೇಡ.”

“ಇನ್ನು ಎರಡೇ ನಿಮಿಷ, ತಾಯಿ,” ಎಂದರು ಕಾರ್ಯದರ್ಶಿ.

“ಎರಡು ನಿಮಿಷಾನೂ ಬೇಡ. ಇವರೇನು ಗೋಡೆಗಳಾ, ಬೋರ್ಡ್ ಬರೆಸೋಕೆ?”

“ಏನಮ್ಮಾ ಹೀಗಂತೀರಿ? ನಿಮ್ಮತ್ತೆ ಹೆಸರು ಉಳೀಲಿ ಅಂತ ತಾನೆ ಇದೆಲ್ಲ?”

“ನಮ್ಮತ್ತೆ ನಲವತ್ತು ವರ್ಷ ಹೆಸರು ಬಿಚ್ಚಿದ್ರು ಸಾರ್! ನಾನು ಮೂರು ವಾರದಲ್ಲಿ ಅಷ್ಟಕ್ಕೂ ಮಸಿ ಬಳಿದೆ. ನೀವು ಬರೆದುಕೊಟ್ರಿ, ನಾನು ಹೊಲಿದೆ. ಇಬ್ಬರಿಗೂ ನಾಚಿಕೆ ಇಲ್ಲ!”

ಅಣ್ಣ ಓಡಿ ಬಂದು ಅವಳ ಮೊಣಕೈ ಹಿಡಿದ. “ಸೂಜೀ, ಸುಮ್ನಿರೇ. ಜನ ನೋಡ್ತಿದಾರೆ.”

“ನೋಡ್ಲಿ. ನೀನು ಆಡಿದ ಎಮ್ಮೆ ಮಾತು ಅತ್ತೆ ಕಿವಿಗೆ ಬಿದ್ದಿದ್ರೆ ನಿನ್ನ ಹಲ್ಲು ಎಣಿಸ್ತಿದ್ಲು!”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಕೈ ಬಿಟ್ಟ.

ಸೂಜಿ ಸಾಲಿನ ಕೊನೆಗೆ ಹೋದಳು. “ಕೊಡಮ್ಮಾ ಇಲ್ಲಿ,” ಎಂದು ಅಂಗಿಗಾಗಿ ಕೈ ಚಾಚಿದಳು. ಕೊಟ್ಟದ್ದನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಹೆಂಗಸು ಅದನ್ನು ಇನ್ನಷ್ಟು ಅವುಚಿಕೊಂಡಳು.

“ಇಲ್ಲಕ್ಕಾ, ಹೀಗೇ ಇರ್ಲಿ. ನಾನು ತಪ್ಪಾಗಿ ಮಾತಾಡಿದೆ.”

“ತಪ್ಪು ನಿಂದಲ್ಲ. ಹತ್ತು ನಿಮಿಷ ಕೂತ್ಕೋ.”

ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕೈಚೀಲದಿಂದ ಅರ್ಧ ಬ್ಲೇಡು ತೆಗೆದು, ಸೂಜಿ ಅಂಗಿಯನ್ನು ಒಳಮೈಗೆ ತಿರುಗಿಸಿದಳು. ತಾನೇ ಒತ್ತಾಗಿ ಹಾಕಿದ ಹೊಲಿಗೆ, ಸುಲಭಕ್ಕೆ ಬಿಡಲಿಲ್ಲ. ಬಟ್ಟೆ ಜಾರುತ್ತಿತ್ತು. ಎರಡನೆಯ ಅಕ್ಷರದ ಹೊತ್ತಿಗೆ ಎರಡು ಕೈಗಳು ಬಂದು ಅಂಗಿಯನ್ನು ಆಚೆ ಈಚೆ ಬಿಗಿಯಾಗಿ ಎಳೆದು ಹಿಡಿದವು. ಅವಳು ತಲೆ ಎತ್ತಲಿಲ್ಲ. ಅಣ್ಣನ ಉಗುರು ಯಾವಾಗಲೂ ಹಾಗೆಯೇ, ತುದಿಯವರೆಗೆ ಕಚ್ಚಿದ್ದು.

‘ಸ್ಮರಣಾರ್ಥ’ ಬೇಗ ಹೋಯಿತು. ಅತ್ತೆಯ ಹೆಸರು ಬಿಚ್ಚುವಾಗ ಮಾತ್ರ ಕಣ್ಣು ಮಂಜಾಗಿ ಎರಡು ಸಲ ನಿಲ್ಲಿಸಬೇಕಾಯಿತು. ನೀಲಿ ದಾರದ ಚೂರುಗಳು ಮಡಿಲಲ್ಲಿ ಬಿದ್ದವು. ಕೊನೆಗೆ ಅವಳು ಬೆರಳು ಒದ್ದೆ ಮಾಡಿಕೊಂಡು, ಅತ್ತೆ ಕಲಿಸಿದಂತೆ, ತೂತುಗಳು ಮುಚ್ಚುವವರೆಗೆ ಉಗುರಿನಿಂದ ಉಜ್ಜಿದಳು. ಅಷ್ಟರಲ್ಲಿ ಸಾಲು ಫೋಟೊದ ಕೆಳಗಿನಿಂದ ಸರಿದು ಅವಳ ಕುರ್ಚಿಯ ಹಿಂದೆ ಬಂದು ನಿಂತಿತ್ತು.

ಹೆಂಗಸು ಅಂಗಿಯನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಲ್ಲಿ ಓದಲು ಏನೂ ಇರಲಿಲ್ಲ.