ಸೂರಿಗಿಂತ ಮೇಲಿನಿಂದ ಬಿದ್ದ ಕುಂಡ

ದೀಪಾವಳಿ ಮುಗಿದಿತ್ತು, ಸೆಕೆ ಮಾತ್ರ ಇಳಿದಿರಲಿಲ್ಲ. ಬೆಳಿಗ್ಗೆ ನಲ್ಲಿ ನೀರು ನಿಲ್ಲುವ ಹೊತ್ತಿಗೆ ವಡಾಲದ ಹಂಚಿನ ಚಾಳಿನ ಎರಡನೇ ಮಾಳಿಗೆಯಲ್ಲಿ ಖೋಲಿಗಳ ಮುಂದಿನ ಗ್ಯಾಲರಿಯಿಂದ ವಸಂತಿಯಕ್ಕನ ಪುಟ್ಟ ಮಲ್ಲಿಗೆ ಕುಂಡ ಕೆಳಗೆ ಬಿತ್ತು. ಅಂಗಳದಲ್ಲಿ ಇಸ್ತ್ರಿ ಮಾಡುತ್ತಿದ್ದ ಸುಭಾಷನ ಹೆಗಲ ಮೂಳೆ ಮುರಿಯಿತು. ವಸಂತಿ ಆಗ ಒಳಗೆ ಗಂಜಿ ಬಸಿಯುತ್ತಿದ್ದಳು.

"ನಾ ಕಣ್ಣಾರೆ ಕಂಡೀನಿ," ಎಂದಳು ಪಕ್ಕದ ಖೋಲಿಯ ಗಂಗುಬಾಯಿ. "ಗ್ಯಾಲರಿಯೊಳಗ ನನ್ನ ಬಿಟ್ರ ಒಂದು ನರಪಿಳ್ಳೆ ಇರಲಿಲ್ಲ. ಅಂಚಿಗೆ ಇಟ್ಟಿದ್ಲು, ತಾನ ಜಾರಿ ಬಿತ್ತು."

"ಇಟ್ಟಿಗೆ ಅಡ್ಡ ಕೊಟ್ಟು ಇಟ್ಟದ್ದು ಮಾರಾಯ್ತಿ," ಎಂದಳು ವಸಂತಿ. " ಹೇಗೆ ಜಾರುವುದು?"

"ನಿನ್ನ ಮಲ್ಲಿಗಿನ ಕೇಳು ಹೋಗು!"

ಕುಂಡದ ನೀರು ತನ್ನ ಹೊಸ್ತಿಲಿಗೆ ಹರಿಯುತ್ತದೆಂದು ವರ್ಷಗಟ್ಟಲೆ ಹಲ್ಲು ಕಡಿದವಳು ಗಂಗುಬಾಯಿ. ಚಾಳಿನ ಕಮಿಟಿಯ ಸದಾನಂದ ಹೇಳಿಬಿಟ್ಟ: ರವಿವಾರದ ಮೀಟಿಂಗಿನಲ್ಲಿ ತೀರ್ಮಾನ, ತಪ್ಪು ವಸಂತಿಯದಾದರೆ ಖೋಲಿ ಖಾಲಿ. ವಸಂತಿಯ ಗಂಡ ಕಣ್ಣು ಮುಚ್ಚಿದ ಖೋಲಿ ಅದು. ಅವಳಿಗೆ ಬೇರೆ ಸೂರಿರಲಿಲ್ಲ.

ರವಿವಾರ ಗಂಗುಬಾಯಿ ಮೊಮ್ಮಗಳು ಮಾಧುರಿಯನ್ನು ಎಳೆದು ತಂದಳು. ಹುಡುಗಿ ಹನ್ನೊಂದನೇ ಸೈನ್ಸ್. "ನಮ್ಮ ಕೂಸು ಲೆಕ್ಕಾ ಹಾಕಿ ತೋರಸ್ತೈತಿ. ಆಮ್ಯಾಲೆ ಗಂಟು ಕಟ್ಟು ನೀನು."

ಎದುರಿನ ಕಿರಾಣಿ ಅಂಗಡಿಯ ಕ್ಯಾಮೆರಾಕ್ಕೆ ಕಂಡದ್ದು ಚಾಳಿನ ಕೆಳಗಿನ ಕಂಬವಷ್ಟೇ, ಮೇಲಿನ ಗ್ಯಾಲರಿಯಲ್ಲ. ಕಂಬದ ಎತ್ತರ ಅಳೆದು, ಕುಂಡ ಅದನ್ನು ದಾಟಲು ಹಿಡಿದ ಹೊತ್ತಿನಿಂದ ಮಾಧುರಿ ವೇಗ ಕಂಡುಹಿಡಿದಿದ್ದಳು.

"ಕೈ ಬಿಟ್ಟ ವಸ್ತು ಸೆಕೆಂಡಿಗೆ ಸುಮಾರು ಹತ್ತು ಮೀಟರಿನಷ್ಟು ಸ್ಪೀಡ್ ಕೂಡಿಸ್ಕೋತ ಬರತೈತಿ. ಸಣ್ಣದು ದೊಡ್ಡದು, ಸಬ್ ಸೇಮ್. ಈ ಕುಂಡದ ಸ್ಪೀಡ್ ಬರಬೇಕಂದ್ರ ಹತ್ತು ಮೀಟರ್ ಮ್ಯಾಲಿಂದ ಜಾರಬೇಕು." ಅವಳ ದನಿ ಸಣ್ಣದಾಯಿತು. "ಕುಂಡ ಇದ್ದದ್ದು ಏಳು ಮೀಟರ್ ಮ್ಯಾಲೆ. ನಮ್ಮ ಸೂರೇ ಒಂಬತ್ತು."

"ಅಂದ್ರೆ?" ಎಂದ ಸದಾನಂದ.

"ಜಾರಿಲ್ಲ, ಅಂಕಲ್. ಯಾರೋ ಎತ್ತಿ ಕೆಳಗ ಜೋರಿಲೆ ಒಗದಾರ."

ಎಲ್ಲರ ಕಣ್ಣು ಗಂಗುಬಾಯಿಯ ಮೇಲೆ ಹೊರಳಿತು. ಗ್ಯಾಲರಿಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಸಾರಿದ್ದು ಅವಳೇ ತಾನೆ?

"ಮನಿಹಾಳಿ!" ಎಂದು ಅವಳು ಹುಡುಗಿಯ ಬೆನ್ನಿಗೆ ಗುದ್ದಿದಳು. "ಇದಕ್ಕ ಓದಿಸಿದ್ನೇನ ನಿನ್ನ?"

"ಮಗುವಿಗೆ ಹೊಡೆಯಬೇಡಿ," ಎಂದಳು ವಸಂತಿ.

"ನಿನ್ನ ಕರುಣೆ ನಿನ್ನ ಕುಂಡದಾಗ ಹಾಕ್ಕೊ!"

ವಸಂತಿಯ ಖೋಲಿ ಉಳಿಯಿತು. ಸುಭಾಷನ ಔಷಧದ ಖರ್ಚು ಗಂಗುಬಾಯಿಯ ತಲೆಗೆ ಬಿತ್ತು. ಅವಳು ಕ್ಷಮೆ ಕೇಳಲಿಲ್ಲ. ವಸಂತಿಯ ಬಾಗಿಲ ಮುಂದೆ ಉಗಿಯುವುದನ್ನೂ ಬಿಡಲಿಲ್ಲ. ಅಂದು ರಾತ್ರಿ ಮಾಧುರಿಗೆ ಅಜ್ಜಿಯ ಮನೆಯಲ್ಲಿ ಯಾರೂ ತಟ್ಟೆ ಇಡಲಿಲ್ಲ. ಅವಳನ್ನು ಇನ್ನು ಅಲ್ಲೇ ಇಟ್ಟುಕೊಳ್ಳಲೆಂದು ಗೋರೆಗಾಂವಿನ ಸೋದರಮಾವನಿಗೆ ಫೋನ್ ಹೋಯಿತು. ಮರುದಿನ, ಸೋಮವಾರ, ಹುಡುಗಿ ಚೀಲ ಹೆಗಲಿಗೇರಿಸಿ ವಸಂತಿಯ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.