ವಾರಗಿತ್ತಿಗೆ ಹಾಕಿಕೊಟ್ಟ ಲೆಕ್ಕ

ಹೊರದೇಶದ ಶಾಲೆಯಿಂದ ಕೆಲಸದ ಪತ್ರ ಬಂದಾಗ ನನ್ನ ವಾರಗಿತ್ತಿ ಅದನ್ನು ಗಂಡನಿಗಿಂತ ಮೊದಲು ನನಗೆ ತೋರಿಸಲು ಓಡಿಬಂದಳು. ಅದಕ್ಕೆ ನಾನು ಸಂತೋಷಪಡಬೇಕಿತ್ತು. ಆದರೆ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿದಾಗಲೇ ನನ್ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಕೆಟ್ಟ ಸುದ್ದಿ ತರುವವರು ಅಷ್ಟು ಬೇಗ ಮೆಟ್ಟಿಲು ಇಳಿಯುವುದಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ಅವರು ಮಹಡಿಯ ಮೇಲೆ, ನಾವು ಕೆಳಗೆ, ಅತ್ತೆ ಎರಡೂ ಕಡೆ. ಇಬ್ಬರೂ ಗಣಿತದ ಟೀಚರುಗಳೇ. ನಾನು ಹತ್ತೊಂಬತ್ತು ವರ್ಷದಿಂದ, ಅವಳು ಆರು ವರ್ಷದಿಂದ, ಬೇರೆ ಬೇರೆ ಶಾಲೆಗಳಲ್ಲಿ. ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ 'ಲೆಕ್ಕದಮ್ಮ' ಅಂತ ಹೆಸರು. ವರ್ಷಕ್ಕೊಮ್ಮೆ ಎಲ್ಲರ ತೆರಿಗೆಯ ಫಾರಂ ತುಂಬಿಕೊಡುವವಳು ನಾನು. ಹೆಡ್ ಮಾಸ್ಟರ್ ಕೂಡ ತಮ್ಮ ಕಾಗದಗಳನ್ನು ಕವರಿನಲ್ಲಿಟ್ಟು ಸದ್ದಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಯಾವ ಲೆಕ್ಕ ಮಾಡಿದರೂ ಉತ್ತರದ ಕೆಳಗೆ ಎರಡು ಗೆರೆ ಎಳೆದು 'ತಾಳೆ ನೋಡಿದೆ' ಎಂದು ಬರೆಯುವುದು ನನ್ನ ಪದ್ಧತಿ. ಮಕ್ಕಳಿಗೂ ಅದನ್ನೇ ಕಲಿಸಿದ್ದೇನೆ. ಹಾಗೆ ಬರೆಯದಿದ್ದರೆ ಉತ್ತರ ಸರಿಯಿದ್ದರೂ ಅರ್ಧ ಅಂಕ ಕಟ್.

"ಅಕ್ಕಾ, ಸಿಕ್ತು," ಎಂದಳು. ಕೈಯಲ್ಲಿ ನಾಲ್ಕು ಪುಟಗಳ ಪತ್ರ. "ಎರಡು ವರ್ಷದ ಕೆಲಸ. ಸಂಬಳ ನಾಲ್ಕು ಸಾವಿರ ಅಂತೆ, ಅಲ್ಲಿನ ದುಡ್ಡಲ್ಲಿ. ಹೆಚ್ಚೋ ಕಡಿಮೆಯೋ ಒಂದೂ ಗೊತ್ತಾಗ್ತಿಲ್ಲ. ತೆರಿಗೆ ಹೋಗಿ ಕೈಗೆಷ್ಟು ಬರುತ್ತೆ, ನೀವೇ ನೋಡಿ ಹೇಳಿ. ನಿಮ್ಮನ್ನ ಬಿಟ್ರೆ ನಂಗ್ಯಾರಿದಾರೆ?"

ಅವಳು ಮನೆಯವರಿಗೆಲ್ಲ ಹೇಳಿಯೇ ಅರ್ಜಿ ಹಾಕಿದ್ದಳು. ಅವಳಿಗೆ ಗೊತ್ತಿಲ್ಲದ್ದೇನೆಂದರೆ, ಅದೇ ಕೆಲಸಕ್ಕೆ ನಾನೂ ಅರ್ಜಿ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ. ಸಿಕ್ಕರೆ ಹೇಳೋಣ, ಸಿಗದಿದ್ದರೆ ಯಾಕೆ ನಗೆಪಾಟಲು ಎಂದುಕೊಂಡಿದ್ದೆ. ಕಂಪ್ಯೂಟರ್ ಲ್ಯಾಬಿನ ಬಾಗಿಲು ಹಾಕಿಕೊಂಡು ಇಂಟರ್‌ವ್ಯೂ ಕೊಟ್ಟಿದ್ದೆ. ಅದಾದ ಮೇಲೆ ನನ್ನ ಜಾಣತನ ತೋರಿಸಬೇಕೆಂಬ ಚಪಲಕ್ಕೆ ಆ ಶಾಲೆಯ ಆಫೀಸಿಗೆ ಒಂದು ಹಾಳೆ ಲೆಕ್ಕವನ್ನೂ ಇಂಗ್ಲಿಷಿನಲ್ಲಿ ಕೈಯಿಂದಲೇ ಬರೆದು ಕಳಿಸಿದ್ದೆ. ನಮ್ಮ ದೇಶಕ್ಕೂ ಅವರ ದೇಶಕ್ಕೂ ಒಂದು ಒಪ್ಪಂದವಿದೆ. ಪಾಠ ಹೇಳಲು ಹೋದವರಿಗೆ ಮೊದಲ ಎರಡು ವರ್ಷ ಅಲ್ಲಿ ತೆರಿಗೆಯಿಲ್ಲ. ಇದನ್ನು ಹುಡುಕಿ ತೆಗೆಯಲು ನನಗೆ ಮೂರು ಭಾನುವಾರ ಹಿಡಿದಿತ್ತು. 'ನನ್ನ ಲೆಕ್ಕ ಸರಿಯೇ?' ಎಂದು ಕೇಳಿದ್ದೆ. ಸರಿ ಎಂದು ಉತ್ತರ ಬಂದಿತ್ತು. ವಾರದ ನಂತರ ಇನ್ನೊಂದು ಉತ್ತರವೂ ಬಂತು. ನೀವು ಎರಡನೆಯ ಸ್ಥಾನದಲ್ಲಿದ್ದೀರಿ, ಮೊದಲಿನವರು ಒಪ್ಪದಿದ್ದರೆ ನಿಮ್ಮನ್ನು ಕರೆಯುತ್ತೇವೆ.

ಆ ಮೊದಲಿನವರು ಈಗ ನನ್ನ ಊಟದ ಮೇಜಿನ ಮುಂದೆ ಕೂತು ನನ್ನದೇ ಲೋಟದಲ್ಲಿ ನೀರು ಕುಡಿಯುತ್ತಿದ್ದರು.

ಆರು ವರ್ಷದ ಅನುಭವ. ನೋಡಲು ಚೆನ್ನಾಗಿದ್ದಾಳೆ, ಇಂಗ್ಲಿಷ್ ಅರಳು ಹುರಿದ ಹಾಗೆ ಮಾತಾಡುತ್ತಾಳೆ, ನಗುವುದಕ್ಕೆ ಕಾರಣವೇ ಬೇಕಿಲ್ಲ. ಭಾಗಾಕಾರಕ್ಕೂ ಮೊಬೈಲ್ ತೆಗೆಯುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಪಾಠದ ಟಿಪ್ಪಣಿ ಬರೆಯುವುದನ್ನು ಕಲಿಸಿದ್ದೇ ನಾನು. ಹೊಟ್ಟೆಕಿಚ್ಚು ಅಂದರೆ ಇಷ್ಟು ಬಿಸಿಯಾಗಿರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

"ನಾಳೆ ಹಾಕಿಕೊಡ್ತೀನಿ," ಎಂದೆ.

ಸುಳ್ಳು ಲೆಕ್ಕ ಬರೆಯಬೇಕೆಂದು ಕೂತಿರಲಿಲ್ಲ. ಆ ಹಳೆಯ ಹಾಳೆಯಂತೆಯೇ ಇಂಗ್ಲಿಷಿನಲ್ಲಿ ಮೊದಲು ಸಂಬಳ ಬರೆದೆ: ನಾಲ್ಕು ಸಾವಿರ. ತೆರಿಗೆ ನೂರಕ್ಕೆ ಇಪ್ಪತ್ತೆರಡು, ಎಂಟುನೂರ ಎಂಬತ್ತು ಹೋಯಿತು. ಪಿಂಚಣಿ ನಿಧಿಗೆ ಮುನ್ನೂರು. ಮನೆ ಬಾಡಿಗೆ ಸಾವಿರದ ನೂರು. ಊಟ, ಬಸ್ಸು, ಫೋನು ಸೇರಿ ಒಂಬೈನೂರು. ಉಳಿದದ್ದು ಎಂಟುನೂರ ಇಪ್ಪತ್ತು. ಇದರ ಕೆಳಗೆ ಇನ್ನೊಂದೇ ಒಂದು ಸಾಲು ಬರೆಯಬೇಕಿತ್ತು: ಒಪ್ಪಂದದ ಪ್ರಕಾರ ಎರಡು ವರ್ಷ ತೆರಿಗೆ ಇಲ್ಲ. ಆಗ ಉಳಿಯುವುದು ಸಾವಿರದ ಏಳುನೂರು, ಎರಡು ಪಟ್ಟಿಗಿಂತ ಹೆಚ್ಚು. ಪೆನ್ನು ಹಾಳೆಗೆ ತಾಗಿಸಿಕೊಂಡೇ ಕೂತಿದ್ದೆ. ಮೇಲಿನ ಮನೆಯಿಂದ ಅವಳ ನಗು ಕೇಳಿಸಿತು, ಜೊತೆಗೆ ಅತ್ತೆಯದೂ. ನನ್ನ ಯಾವ ಮಾತಿಗೂ ಅತ್ತೆ ಹಾಗೆ ನಕ್ಕವರಲ್ಲ. ಎಂಟುನೂರ ಇಪ್ಪತ್ತರ ಕೆಳಗೆ ಎರಡು ಗೆರೆ ಎಳೆದೆ. 'ತಾಳೆ ನೋಡಿದೆ' ಎಂದೂ ಬರೆದೆ.

ಹಾಳೆ ನೋಡಿ ಅವಳ ಮುಖ ಸಣ್ಣಗಾಯಿತು.

"ಇಷ್ಟೇನಾ ಅಕ್ಕಾ?"

"ದೂರದ ಬೆಟ್ಟ ನುಣ್ಣಗೆ ಕಾಣುತ್ತೆ ಕಣೆ."

"ಇಷ್ಟಕ್ಕೋಸ್ಕರ ನಾಲ್ಕು ವರ್ಷದ ಮಗೂನ ಬಿಟ್ಟು ಹೋಗ್ಬೇಕಾ? ನೀವಾಗಿದ್ರೆ ಹೋಗ್ತಿದ್ರಾ?"

"ನನ್ನ ಮಗಳು ದೊಡ್ಡವಳಾಗಿದಾಳೆ. ನನ್ನ ಮಾತು ಬೇರೆ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟೆ. "ನಿನ್ನಿಷ್ಟ. ಆಮೇಲೆ ಅಕ್ಕ ತಡೆದಳು ಅನ್ಬೇಡ."

"ಅಯ್ಯೋ, ನಿಮ್ಮನ್ನ ಯಾಕೆ ಅನ್ಲಿ? ನೀವು ಕೂತು ಲೆಕ್ಕ ಹಾಕಿಕೊಟ್ಟಿದ್ದಕ್ಕೆ ಕಣ್ಣು ತೆರೀತು." ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. "ಇವತ್ತೇ ಬರೆದುಬಿಡ್ತೀನಿ, ಆಗಲ್ಲ ಅಂತ."

ಆಮೇಲಿನ ನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಪಿರಿಯಡ್ ಮುಗಿದಾಗಲೆಲ್ಲ ಮೊಬೈಲ್ ತೆಗೆದು ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ ಅದೇ ಕಪ್ಪು ಹಲಗೆ, ಅದೇ ಸೀಮೆಸುಣ್ಣ, ಕಾಲು ಕುಂಟುವ ಅದೇ ಕುರ್ಚಿ. ಒಂದು ಸಲ, ಒಂದೇ ಒಂದು ಸಲ, ಸರದಿ ನನಗೆ ಬರಬಾರದೇ? ಹೊಸ ಸೂಟ್‌ಕೇಸಿನ ಬೆಲೆಯನ್ನೂ ವಿಚಾರಿಸಿಕೊಂಡು ಬಂದೆ. ಮನೆಯಲ್ಲಿ ಅವಳೊಂದಿಗೆ ಎಂದೂ ಇಲ್ಲದಷ್ಟು ಪ್ರೀತಿಯಿಂದ ಮಾತಾಡಿದೆ. ಅವಳ ಮಗಳಿಗೆ ತಲೆ ಬಾಚಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವುದು ಸುಳ್ಳಲ್ಲ.

ಐದನೆಯ ದಿನ ಭಾನುವಾರ. ಬೆಳಿಗ್ಗೆ ಅತ್ತೆ ನಮ್ಮ ಮನೆಯಲ್ಲಿ ಪೇಪರ್ ಓದುತ್ತಿದ್ದರು. ಮತ್ತೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಈ ಸಲ ನಿಧಾನವಾಗಿತ್ತು.

ಬಂದವಳು ಮೇಜಿನ ಮುಂದೆ ಕೂತಳು. ನೀರು ಕೇಳಲಿಲ್ಲ.

"ಬರೀ ಆಗಲ್ಲ ಅಂತ ಬರೆದ್ರೆ ಚೆನ್ನಾಗಿರಲ್ಲ ಅಂತ ನೀವು ಕೊಟ್ಟ ಹಾಳೇದು ಫೋಟೋ ತೆಗೆದು ಜೊತೆಗೆ ಕಳಿಸಿದ್ದೆ ಅಕ್ಕಾ. ಇಷ್ಟೇ ಉಳಿಯೋದಾದ್ರೆ ಬರಕ್ಕಾಗಲ್ಲ ಅಂತ."

ಅವಳಿಗೆ ನೀರು ಕೊಡಲೆಂದು ಎತ್ತಿಕೊಂಡ ಲೋಟವನ್ನು ಮೇಜಿನ ಮೇಲೇ ಇಟ್ಟೆ.

"ಆಫೀಸಿನೋರು ಉತ್ತರ ಬರೆದಿದಾರೆ. ಹೋದ ತಿಂಗಳು ನೀವೇ ಸರಿಯಾದ ಲೆಕ್ಕ ಕಳಿಸಿದ್ರಲ್ಲ, ಈ ಸಲ ಯಾಕೆ ಒಂದು ಸಾಲು ಬಿಟ್ರಿ ಅಂತ." ಅವಳ ದನಿ ಏರಲಿಲ್ಲ. "ಮನೆತನದ ಹೆಸರು ಒಂದೇ, ವಿಳಾಸ ಒಂದೇ, ಅಕ್ಷರಾನೂ ಒಂದೇ. ಪಾಪ, ಅವರಿಗೇನು ಗೊತ್ತು? ಇಬ್ಬರೂ ಒಬ್ಬರೇ ಅಂದ್ಕೊಂಡಿದಾರೆ. ಆ ಹಳೇ ಹಾಳೇನೂ ಕಳಿಸಿದಾರೆ."

ಪರ್ಸಿನಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ಅಕ್ಕಪಕ್ಕ ಇಟ್ಟಳು. ಒಂದು ನಾನು ಅವಳಿಗೆ ಬರೆದುಕೊಟ್ಟದ್ದು. ಇನ್ನೊಂದು ನಾನು ನನಗಾಗಿ ಬರೆದುಕೊಂಡದ್ದರ ಪ್ರಿಂಟು. ಎರಡರಲ್ಲೂ ಅವೇ ಅಂಕಿಗಳು, ಅವೇ ಎರಡು ಗೆರೆ, ಅದೇ 'ತಾಳೆ ನೋಡಿದೆ'. ಒಂದರಲ್ಲಿ ಮಾತ್ರ ಒಂದು ಸಾಲು ಹೆಚ್ಚು.

ಗೊತ್ತಿರಲಿಲ್ಲ, ಮರೆತುಹೋಯಿತು, ಕಣ್ತಪ್ಪಿತು. ಸಿಕ್ಕಿಬಿದ್ದರೆ ಇರಲಿ ಎಂದು ಹೊಂದಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ಉಪಯೋಗಕ್ಕೆ ಬರಲಿಲ್ಲ.

"ಎರಡರಲ್ಲಿ ಯಾವುದು ಸರಿ ಅಕ್ಕಾ?" ಎಂದಳು. ತರಗತಿಯಲ್ಲಿ ದಡ್ಡ ಹುಡುಗಿಯನ್ನು ನಾನು ಕೇಳುತ್ತಿದ್ದದ್ದೂ ಹೀಗೆಯೇ.

ಅತ್ತೆ ಪೇಪರ್ ಕೆಳಗಿಳಿಸಿ, "ಏನ್ರೇ ಅದು?" ಎಂದರು.

ನನ್ನ ಮಾನ ಅವಳ ನಾಲಿಗೆಯ ತುದಿಯಲ್ಲಿತ್ತು. "ಏನಿಲ್ಲ ಅತ್ತೆ, ಸಂಬಳದ ಲೆಕ್ಕ," ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಳ್ಳೆಯತನದಲ್ಲೂ ಇವಳೇ ಮೊದಲ ಸ್ಥಾನಕ್ಕೆ ಬರಬೇಕೇ ಎಂದು ಆ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು.

ನನ್ನ ಹಾಳೆಯ ಮೇಲೆ ಬೆರಳಿಟ್ಟು, "ಇದು," ಎಂದೆ.

"ಹಾಗಾದ್ರೆ ನಂದರಲ್ಲೂ ಆ ಸಾಲು ಬರೆದುಕೊಡಿ. ನಮ್ಮನೇವ್ರಿಗೆ ತೋರಿಸ್ಬೇಕು. ಒಪ್ಪಿಗೆ ಕಳಿಸೋಕೆ ನಾಳೆವರೆಗೆ ಟೈಮ್ ಕೊಟ್ಟಿದಾರೆ."

ಪೆನ್ನು ಕೊಟ್ಟಳು. ತೆರಿಗೆ ಇಲ್ಲ, ಎರಡು ವರ್ಷ ಎಂದು ಬರೆದೆ. ಎಂಟುನೂರ ಇಪ್ಪತ್ತನ್ನು ಹೊಡೆದುಹಾಕಿ ಸಾವಿರದ ಏಳುನೂರು ಬರೆದೆ. ಕೆಳಗೆ ಎರಡು ಗೆರೆ ಎಳೆದೆ. ಅಭ್ಯಾಸಬಲದಿಂದ ಪೆನ್ನು ಇನ್ನೂ ಕೆಳಗಿಳಿಯಿತು.

ಅವಳು ಮೆಲ್ಲಗೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸಾಕು ಅಕ್ಕಾ. ತಾಳೆ ನಾನೇ ನೋಡ್ಕೋತೀನಿ."