ಮಾದೇವನ ಹೆಸರಿನ ಗಾಡಿ

ಮಾದೇವ ಸತ್ತು ಮೂರು ವರ್ಷವಾದರೂ ಅವನನ್ನು ಕೇಳಿಕೊಂಡು ಕುಮಟೆಯ ಮನೆಗೆ ಫೋನ್ ಬರುವುದು ನಿಂತಿರಲಿಲ್ಲ. ಒಮ್ಮೆ ವಿಮೆಯವರು, ಒಮ್ಮೆ ಸೊಸೈಟಿಯವರು, ಒಮ್ಮೆ ಯಾವುದೋ ಊರಿನ ಹಳೆಯ ಗೆಳೆಯ. ಪ್ರತಿ ಸಲವೂ ಅವನ ಹೆಂಡತಿ ವನಮಾಲಾ "ಅವರು ತೀರಿಕೊಂಡಿದ್ದಾರೆ" ಎನ್ನಬೇಕು, ಆಚೆಯವರು "ಅಯ್ಯೋ" ಎನ್ನಬೇಕು, ಆಮೇಲೆ ಇವಳೇ ಅವರಿಗೆ ಸಮಾಧಾನ ಹೇಳಬೇಕು. ಶಾಲೆಯಲ್ಲಿ ಅಕ್ಕೋರಾಗಿ ದಿನವಿಡೀ ಗಂಟಲು ಹರಿದುಕೊಂಡು ಬಂದವಳಿಗೆ ಇದೊಂದು ಬಿಟ್ಟಿ ಚಾಕರಿ.

ಈ ಸಲ ಫೋನ್ ಮಾಡಿದವಳು ವ್ಯಾನಿನ ಕಂಪನಿಯ ಹುಡುಗಿ. ಮಾದೇವನ ವ್ಯಾನು ತಯಾರಾದ ತಿಂಗಳಿನ ಗಾಡಿಗಳಲ್ಲಿ ಬ್ರೇಕ್ ಪೆಡಲಿನ ಪಿನ್ನು ಸರಿಯಿಲ್ಲವಂತೆ, ತುಂಡಾಗಬಹುದಂತೆ. ಕಂಪನಿಯೇ ಪುಕ್ಕಟೆ ಬದಲಾಯಿಸಿ ಕೊಡುತ್ತದೆ, ಅಲ್ಲಿಯವರೆಗೆ ಓಡಿಸಬೇಡಿ.

"ಅವರು ತೀರಿಕೊಂಡಿದ್ದಾರೆ. ಗಾಡಿ ಅದಕ್ಕೂ ಮುಂಚೆಯೇ ಮಾರಿ ಆಗಿದೆ."

"ಅಯ್ಯೋ. ಆದರೆ ನಮ್ಮಲ್ಲಿ ಅವರ ಹೆಸರೇ ಇದೆಯಲ್ಲ ಮೇಡಂ."

ಇರದೆ ಏನು? ಹೊನ್ನಾವರದ ದಲ್ಲಾಳಿ ರಮಾನಂದನಿಗೆ ಖಾಲಿ ಕಾಗದದ ಮೇಲೆ ಸಹಿ ಹಾಕಿಕೊಟ್ಟು, "ಹೆಸರು ಅವರೇ ಮಾಡಿಸಿಕೊಳ್ತಾರೆ ಬಿಡು" ಎಂದು ಕೈತೊಳೆದುಕೊಂಡಿದ್ದ ಮಹಾರಾಯ. ಸಂಸಾರದ ಅರ್ಧ ಕೆಲಸವನ್ನು ಅವನು ಮುಗಿಸುತ್ತಿದ್ದದ್ದೇ ಹೀಗೆ. ಉಳಿದರ್ಧವನ್ನು ಅವಳು ಇನ್ನೂ ಮುಗಿಸುತ್ತಿದ್ದಳು.

ನನಗ್ಯಾಕೆ ಎಂದು ಎರಡು ದಿನ ಸುಮ್ಮನಿದ್ದು ನೋಡಿದಳು, ಆಗಲಿಲ್ಲ. ಎಲ್ಲೋ ಯಾರೋ ಆ ಪೆಡಲಿನ ಮೇಲೆ ಕಾಲಿಡುತ್ತಿದ್ದಾರೆ, ಅವರ ಹಿಂದೆ ಇನ್ನು ಯಾರ್ಯಾರು ಕೂತಿದ್ದಾರೋ. ಭಾನುವಾರ ಬಟ್ಟೆ ಒಗೆಯುವುದನ್ನು ಬಿಟ್ಟು ಹೊನ್ನಾವರದ ಬಸ್ಸು ಹತ್ತಿದಳು.

ರಮಾನಂದ ಕುರ್ಚಿಯಿಂದ ಏಳಲೂ ಇಲ್ಲ. ಅವಳು ಹೇಳಿದ್ದನ್ನು ಅರ್ಧ ಕೇಳಿ, ಕವಳ ಜಗಿಯುತ್ತ ಅಂದ: "ಗಾಡಿ ಮಾವಳ್ಳಿ ಮಾಬ್ಲನ ಹತ್ರ ಇದೆ. ದೋಣಿ ಕೆಲಸದವ. ಹೋಗಿ ಕಂಡ್ರೆ ಆತು." ಆಕೆ ಅಂಗಡಿಯ ಮೆಟ್ಟಿಲಿಳಿದದ್ದೇ ತಡ, ಮಾಬ್ಲನ ಪಕ್ಕದ ಮನೆಗೆ ಫೋನ್ ಮಾಡಿ, ಗಾಡಿ ಯಜಮಾನನ ಹೆಂಡತಿ ಬರುತ್ತಿದ್ದಾಳೆ, ಹುಷಾರು ಎಂದ. ಬ್ರೇಕಿನ ಸುದ್ದಿ ಹೇಳಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಹೀಗಾಗಿ ವನಮಾಲಾ ಬೆವರಿಳಿಸುತ್ತ ಮಾವಳ್ಳಿ ಮುಟ್ಟುವಾಗ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಮಾಬ್ಲನ ಹೆಂಡತಿ ಕಮಲಿ ತಯಾರಾಗಿಯೇ ಇದ್ದಳು.

"ಅವ್ರಿಲ್ಲ. ಗಾಡಿನೂ ಇಲ್ಲ. ಕುಂದಾಪುರದವ್ರಿಗೆ ಕೊಟ್ಟಾತು."

ಮನೆಯ ಹಿಂದೆ ತೆಂಗಿನ ಮಡಲು, ಹಳೇ ಬಲೆ ಎಲ್ಲ ಸೇರಿಸಿ ಎತ್ತರಕ್ಕೆ ರಾಶಿ ಹಾಕಿತ್ತು. ಬಲೆಯ ರಾಶಿಗೆ ನಂಬರ್ ಪ್ಲೇಟ್ ಇರುವುದನ್ನು ವನಮಾಲಾ ಕಂಡದ್ದು ಅದೇ ಮೊದಲು. ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತು, ಇಲ್ಲವೇ ಸಿಟ್ಟು. ಎರಡಕ್ಕೂ ತ್ರಾಣವಿಲ್ಲದೆ ಜಗಲಿಯ ಮೇಲೆ ಕುಸಿದು ಕೂತಳು.

"ನಂಗೆ ಗಾಡಿ ಬೇಡ ಮಾರಾಯ್ತಿ. ಕುಡೀಲಿಕ್ಕೆ ನೀರು ಕೊಡು."

ನೀರು ತಂದವನು ಮಾಬ್ಲನೇ. ತಲೆ ತಗ್ಗಿಸಿ ನಿಂತ. "ಯಜಮಾನ್ರು ತೀರ್ಕಂಡ್ರು, ಇನ್ನು ಮನೆಯವ್ರು ಬಂದು ಗಾಡಿ ತಕಂಡೋದ್ರೂ ಕೇಳೂಕಾಗೂದಿಲ್ಲ ಅಂತ ರಮಾನಂದ ಹೇಳಿದ್ದ, ಅಕ್ಕೋರೆ."

"ಅಷ್ಟು ಹೆದರಿಕೆ ಇದ್ದವ ಹೆಸರು ಎಂತಕ್ಕೆ ಮಾಡಿಸ್ಕೊಳ್ಳಲಿಲ್ಲ?"

"ಬೇರೆಯವ್ರ ದೋಣಿ ತಕಂಡ್ರೆ ನಮ್ಮನೇಲಿ ಹೆಸರು ಬದಲಾಯ್ಸೂದಿಲ್ಲ. ಯಾವ ಹೆಸರು ಅದನ್ನ ಕಡಲಿಂದ ವಾಪಸ್ ತಂದದ್ಯೋ ಅದೇ ಇರ್ಬೇಕು. ಗಾಡಿಗೂ ಹಂಗೇ ಅಂದ್ಕಂಡೆ. ನಿಮ್ಮ ಯಜಮಾನ್ರ ಹೆಸರು ಇಷ್ಟು ವರ್ಷ ನಮ್ಮನ್ನ ಕಾದದೆ."

ವನಮಾಲಾ ಲೋಟ ಕೆಳಗಿಟ್ಟಳು. ಬಯ್ಯಬೇಕೆಂದುಕೊಂಡದ್ದು ಎಲ್ಲಿ ಹೋಯಿತೋ. ಬಿಡಿಸಿ ಹೇಳಿದಳು: "ಕಾದದ್ದಲ್ಲ ಮಾಬ್ಲ. ಆ ಹೆಸರು ಇದ್ದದ್ದಕ್ಕೇ ಸುದ್ದಿ ನಿಂಗೆ ಮುಟ್ಟಲಿಲ್ಲ. ಕಂಪನಿಯವ್ರಿಗೆ ಕಾಗದದ ಮೇಲೆ ಇದ್ದವರೇ ಗೊತ್ತು. ಸತ್ತವರಿಗೆ ಫೋನ್ ಮಾಡ್ತಾರೆ, ಓಡಿಸುವವರಿಗೆ ಮಾಡೂದಿಲ್ಲ."

ಪಿನ್ನಿನ ವಿಷಯ ಹೇಳಿದಳು. ಮಾಬ್ಲ ನಕ್ಕ. "ಬ್ರೇಕು ಚಲೋ ಹಿಡೀತದೆ. ಮೊನ್ನೆ ಭಟ್ಕಳದ ಇಳಿಜಾರಲ್ಲಿ ಪೆಡಲು ಒಂಚೂರು ಕೆಳಗೆ ಹೋದಂಗಾತು, ಅಷ್ಟೇ."

ಮೀನು ಮಗುಚುತ್ತಿದ್ದ ಕಮಲಿಯ ಕೈ ನಿಂತಿತು. ದಿನಾ ಬೆಳಿಗ್ಗೆ ಅವಳೂ ಕೇರಿಯ ಹೆಂಗಸರೂ ಬುಟ್ಟಿ ಸಮೇತ ಭಟ್ಕಳದ ಪೇಟೆಗೆ ಹೋಗುವುದು ಅದೇ ವ್ಯಾನಿನಲ್ಲಿ.

"ಮೊನ್ನೆ? ನಾವೆಲ್ಲ ಒಳಗಿದ್ದಾಗ?"

ಕಮಲಿ ಎದ್ದು ಬಂದು ಮಾಬ್ಲನ ಸೊಂಟದಿಂದ ಕೀಲಿ ಎಳೆದು ತನ್ನ ಸೆರಗಿಗೆ ಕಟ್ಟಿಕೊಂಡಳು.

"ಬಸ್ಸಿನವ್ರು ಬುಟ್ಟಿ ಹತ್ತಿಸೂದಿಲ್ಲ" ಎಂದ ಅವನು, ಮೆಲ್ಲಗೆ.

"ಹತ್ತಿಸ್ದಿದ್ರೆ ನಡಕಂಡು ಹೋಗ್ತೆ. ನೀ ಬಲೆ ತೆಗಿ."

ಕಂಪನಿಯವರೇ ಬಂದು ಗಾಡಿ ಎಳೆದುಕೊಂಡು ಹೋಗಲು ತಿಳಿಸುತ್ತೇನೆಂದು ವನಮಾಲಾ ಬಸ್ಸಿನ ಟಿಕೆಟಿನ ಹಿಂದೆ ಅದರ ಚಾಸಿ ನಂಬರು ಬರೆದುಕೊಂಡಳು. ಯಾವುದಾದರೂ ಗಾಡಿ ತೆಗೆದುಕೊಂಡರೆ ಅದರ ಇಂಥ ನಂಬರು ಹಿಡಿದು ಕಂಪನಿಯವರನ್ನು ಮೊದಲು ಕೇಳಬೇಕು, ಹೆಸರು ಕೂಡಲೇ ಮಾಡಿಸಿಕೊಳ್ಳಬೇಕು ಎಂದು ಪಾಠ ಹೇಳುವ ದನಿಯಲ್ಲಿ ಹೇಳಿದಳು. ಇದಕ್ಕೆ ತನ್ನ ಸಹಿ ಬೇಕಾಗುತ್ತದೆ, ಬಂದರೆ ಹಾಕಿಕೊಡುತ್ತೇನೆ ಎಂದಳು. ಕಮಲಿ ಒಣಮೀನಿನ ಪೊಟ್ಟಣ ಕೈಗಿಟ್ಟಳು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಅವಳು ಹೊನ್ನಾವರದವರೆಗೂ ನಿದ್ದೆ ಮಾಡಿದಳು.

ಮುಂದಿನ ವಾರ ಮಾಬ್ಲ ಬಂದು ಸಹಿ ಮಾಡಿಸಿಕೊಂಡು ಹೋದ. ಅದಾದ ಮೇಲೆ ಒಂದು ಸಂಜೆ, ಅವಳು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ಮಾದೇವ ಅವರ ಮನೆಯಾ? ಸರ್ವಿಸ್ ಸ್ಟೇಷನ್ನಿಂದ. ಅವರ ವ್ಯಾನು ರೆಡಿ ಆಯ್ತು. ಪಿನ್ನು ಒಂದು ಎಳೆಯ ಮೇಲೆ ನಿಂತಿತ್ತು ಮೇಡಂ. ಇನ್ನೂ ಓಡಿಸಿದ್ದರೆ ಒಳಗಿದ್ದವರು ಯಾರೂ ಉಳೀತಿರಲಿಲ್ಲ. ಒಳ್ಳೇ ಟೈಮಿಗೆ ತಿಳಿಸಿದ್ರು ಅಂತ ಅವರಿಗೆ ಹೇಳಿಬಿಡಿ."

ರೂಢಿಯ ಮಾತು ತುಟಿಯವರೆಗೆ ಬಂತು. ಇನ್ನು ಹೆಸರು ಬದಲಾಗುತ್ತದೆ, ಆ ಗಾಡಿಗಾಗಿ ಮಾದೇವನನ್ನು ಯಾರೂ ಕೇಳುವುದಿಲ್ಲ. ಮೂರು ವರ್ಷದಿಂದ ಬೇಸತ್ತದ್ದೇ ಈ ಫೋನಿಗೆ, ಈಗ ಇಡಲು ಮನಸ್ಸು ಬರಲಿಲ್ಲ.

"ಹೇಳ್ತೆ" ಎಂದಳು.